ಗೆರೆ ದಾಟಿದವರು ಯಾರು?

ಬೇಸಿಗೆಯ ರಜೆಯಲ್ಲಿ ನನ್ನ ಮಿತ್ರರೊಬ್ಬರು ಸಂಸಾರಸಮೇತರಾಗಿ ಮೈಸೂರು, ಕೊಡಗು ಸುತ್ತಿಕೊಂಡು ಬಂದರು. ಯಡ್ರಾಮಿಯ ಬಸ್‌ಸ್ಟ್ಯಾಂಡಿನ ಎದುರಿಗಿರುವ ಚಹಾದಂಗಡಿಯಲ್ಲಿ ನಾವು ನಾಲ್ವರು ಕುಳಿತು ಅವರ ಪ್ರವಾಸದ ಕಥೆ ಕೇಳಿದೆವು. ನಮ್ಮದು ಎರೆಭೂಮಿಯ ಸೀಮೆ. ಕಣ್ಣು ಹಾಯಿಸಿದಷ್ಟು ದೂರ ತೊಗರಿ, ಹತ್ತಿ, ಜೋಳ. ನೆರಳಿಗೆಂದರೆ ಬೇವು, ಜಾಲಿ. ಆದುದರಿಂದ ಕಾಡು ಕಂಡು ಬಂದವರ ಮಾತಿಗೆ ನಮ್ಮಲ್ಲಿ ಸ್ವಲ್ಪ ಹೆಚ್ಚಿನ ಮರ್ಯಾದೆ. ನಾಗರಹೊಳೆಯ ಸಫಾರಿಯಲ್ಲಿ ಆನೆ ಕಂಡದ್ದು, ಕಾಟಿ ಕಂಡದ್ದು, ಹುಲಿಯ ಬಾಲವನ್ನಷ್ಟೇ ಕಂಡದ್ದು ಇವನ್ನೆಲ್ಲ ವರ್ಣಿಸಿದ ಮೇಲೆ ಅವರು ದನಿ ತಗ್ಗಿಸಿ, “ಎಲ್ಲಾ ಛಂದ ಅದ ಸರ. ಆದ್ರ ಆ ಕಾಡಿನ್ಯಾಗ ಒಂದಷ್ಟು ಮಂದಿ ಅತಿಕ್ರಮಣ ಮಾಡಿ ಕುಂತಾರಂತ. ಸರ್ಕಾರದವ್ರು ಸುಮ್ಮ ಯಾಕ ಬಿಟ್ಟಾರೋ!” ಎಂದರು. ಉಳಿದಿಬ್ಬರೂ ತಲೆಯಾಡಿಸಿದರು. ಚಹಾ ತಣ್ಣಗಾಯಿತು, ಮಾತು ಮಳೆಯ ಕಡೆಗೆ ಹೊರಳಿತು.

ಮಿತ್ರರು ಸಜ್ಜನರು. ಬಡವರ ಮಕ್ಕಳಿಗೆ ಪುಸ್ತಕ ಕೊಡಿಸುವವರು. ಮನೆಯ ಮುಂದೆ ನಾಲ್ಕು ಗಿಡ ನೆಟ್ಟು ಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕುವವರು. ಅಂಥವರ ಬಾಯಿಂದ ಈ ಮಾತು ಬಂದಿತೆಂಬುದೇ ನನ್ನನ್ನು ಈ ಲೇಖನಕ್ಕೆ ಹಚ್ಚಿತು. ಕಾಡಿನ ಮೇಲಿನ ಪ್ರೀತಿಯಿಂದಲೇ ಅವರು ಕಾಡಿನ ಜನರ ಮೇಲೆ ಸಿಟ್ಟಾಗಿದ್ದರು. ಪತ್ರಿಕೆ ಓದುವ ನಮ್ಮಂಥ ಪಟ್ಟಣಿಗರಲ್ಲಿ ಬಹುಮಂದಿಯ ಮನಸ್ಸು ಇದೇ ಸ್ಥಿತಿಯಲ್ಲಿದೆಯೆಂದು ನನ್ನ ಗುಮಾನಿ. ಹುಲಿ ಉಳಿಯಬೇಕು, ಆದುದರಿಂದ ಮನುಷ್ಯರು ಹೋಗಬೇಕು. ಎರಡನೆಯ ಮಾತು ಮೊದಲನೆಯದರಿಂದ ತಾನಾಗಿಯೇ ಹುಟ್ಟುತ್ತದೆಂದು ನಾವು ನಂಬಿಬಿಟ್ಟಿದ್ದೇವೆ. ಈ ನಂಬಿಕೆ ತಪ್ಪು, ಅನ್ಯಾಯದ್ದು, ಈ ದೇಶದ ಕಾನೂನಿಗೂ ವಿರುದ್ಧವಾದದ್ದು ಎಂಬುದೇ ನನ್ನ ವಾದ.

ನಾನು ಅರಣ್ಯಶಾಸ್ತ್ರ ಓದಿದವನಲ್ಲ. ಕನ್ನಡ ಕಲಿಸುವ ಮಾಸ್ತರ. ಆದುದರಿಂದ ಶಬ್ದದಿಂದಲೇ ಹೊರಡುತ್ತೇನೆ. ಅತಿಕ್ರಮಣವೆಂದರೆ ಮೀರಿ ನಡೆಯುವುದು, ಇರುವ ಗೆರೆಯನ್ನು ದಾಟಿ ಹೆಜ್ಜೆಯಿಡುವುದು. ದಕ್ಷಿಣದ ಜಿಲ್ಲೆಗಳ ಕಾಗದಪತ್ರಗಳಲ್ಲಿ ಇದಕ್ಕೇ ಒತ್ತುವರಿ ಎನ್ನುತ್ತಾರೆ. ಪಕ್ಕದವನ ಭೂಮಿಯೊಳಕ್ಕೆ ಒತ್ತಿಕೊಂಡು ಹೋಗುವುದೆಂದು ಅರ್ಥ. ಶಬ್ದ ಯಾವುದಾದರೂ ಆಗಲಿ, ಅದು ನ್ಯಾಯವಾಗಿ ಸಲ್ಲಬೇಕಾದರೆ ಗೆರೆ ಮೊದಲು ಇರಬೇಕು, ಮನುಷ್ಯ ಆಮೇಲೆ ಬಂದಿರಬೇಕು. ನಾಗರಹೊಳೆಯಲ್ಲಿ ಯಾವುದು ಮೊದಲು ಬಂದಿತು?

ಜೇನುಕುರುಬರು, ಬೆಟ್ಟಕುರುಬರು, ಯರವರು ಆ ಕಾಡುಗಳಲ್ಲಿ ಹಾಡಿ ಕಟ್ಟಿಕೊಂಡು ಬಾಳಿದವರು. ಜೇನು, ಗೆಡ್ಡೆಗೆಣಸು, ಬಿದಿರು, ಸೊಪ್ಪುಸದೆ ಇವು ಅವರ ಬದುಕು. ಆ ಕಾಡಿಗೆ 1955ರಲ್ಲಿ ಅಭಯಾರಣ್ಯವೆಂಬ ಹೆಸರು ಬಂದಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯಾಯಿತು. ಮುಂದೆ ಅದೇ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಹೀಗೆ ಒಂದರ ಮೇಲೊಂದು ಗೆರೆ ಎಳೆಯುತ್ತ ಹೋದರು. ಪ್ರತಿಸಲವೂ ಗೆರೆಯ ಒಳಗೆ ಹಾಡಿಗಳಿದ್ದವು. ಹಾಡಿಯವರು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಗೆರೆಯೇ ನಡೆದುಕೊಂಡು ಬಂದು ಅವರ ಗುಡಿಸಲನ್ನು ಸುತ್ತುಗಟ್ಟಿತು. ಒತ್ತಿದವರು ಯಾರು, ಒತ್ತಿಸಿಕೊಂಡವರು ಯಾರು ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಗೆರೆ ಸುತ್ತುಗಟ್ಟಿ ಸುಮ್ಮನಾಗಲಿಲ್ಲ. ಎಪ್ಪತ್ತರ ದಶಕದಿಂದ ಹಾಡಿಗಳು ತೆರವಾಗತೊಡಗಿದವು. ಹೊರಬಿದ್ದವರಲ್ಲಿ ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಲೈನುಮನೆಗಳನ್ನು ಸೇರಿ ಕೂಲಿಯವರಾದರು. ಉಚ್ಚ ನ್ಯಾಯಾಲಯದ ಆದೇಶದಂತೆ ಈ ಸಂಗತಿಯನ್ನು ವಿಚಾರಿಸಲು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ದಿವಂಗತ ಮುಜಾಫರ್ ಅಸ್ಸಾದಿಯವರ ನೇತೃತ್ವದಲ್ಲಿ ಸಮಿತಿ ನೇಮಕವಾಗಿತ್ತು. ಅದು 2014ರಲ್ಲಿ ವರದಿ ಕೊಟ್ಟಿತು. ಕಾಡಿನಿಂದ ಹೊರಬಿದ್ದು ಪುನರ್ವಸತಿಗೆ ಅರ್ಹರಾದ ಗಿರಿಜನ ಕುಟುಂಬಗಳು 3,418 ಎಂದು ಆ ವರದಿ ಲೆಕ್ಕ ಹೇಳಿತು. ಒಂದು ಕುಟುಂಬಕ್ಕೆ ನಾಲ್ಕೈದು ಜನರೆಂದು ಹಿಡಿದರೂ ನಮ್ಮ ಕಡೆಯ ಹತ್ತಾರು ಸಣ್ಣ ಹಳ್ಳಿಗಳಷ್ಟು ಜನ! ನಮ್ಮಲ್ಲಿ ಒಂದೇ ಒಂದು ಹಳ್ಳಿಯನ್ನು ರಾತ್ರಿ ಬೆಳಗಾಗುವುದರೊಳಗೆ ಎಬ್ಬಿಸಿದ್ದರೆ ನಾವು ಯಾವ ಶಬ್ದ ಬಳಸುತ್ತಿದ್ದೆವು?

2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕಾಡಿನೊಳಗೆ ಕರಡಿಕಲ್ಲು ಅತ್ತೂರು ಕೊಲ್ಲಿ ಎಂಬಲ್ಲಿಗೆ ಹಿಂತಿರುಗಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಗುಡಿಸಲು ಕಟ್ಟಿಕೊಂಡು ಕುಳಿತವು. 1980ರ ದಶಕದಲ್ಲಿ ತಮ್ಮ ಹಿರಿಯರನ್ನು ಇಲ್ಲಿಂದಲೇ ಹೊರಡಿಸಿದ್ದರು, ನಮ್ಮ ದೇವರೂ ನಮ್ಮ ಹಿರಿಯರ ಗೋರಿಗಳೂ ಇಲ್ಲಿಯೇ ಇವೆ ಎಂಬುದು ಅವರ ಮಾತು. ಎದುರಿಗೆ ಅರಣ್ಯ ಇಲಾಖೆಯವರು, ಪೊಲೀಸರು. ನನ್ನ ಮಿತ್ರರ ಕಿವಿಗೆ ಬಿದ್ದ ‘ಅತಿಕ್ರಮಣ’ದ ಸುದ್ದಿ ಇದೇ. ಮನೆ ಬಿಟ್ಟು ಹೋದವನು ನಲವತ್ತು ವರ್ಷದ ಮೇಲೆ ಹಿತ್ತಲ ಬಾಗಿಲಿನಿಂದ ಮನೆ ಸೇರಿದರೆ ಅವನನ್ನು ಕಳ್ಳನೆಂದು ಕೂಗುವುದುಂಟೆ? ಮೊದಲು ಮನೆ ಯಾರದೆಂದು ಕೇಳಬೇಡವೆ?

ಹಾಗೆ ಕೇಳಬೇಕೆಂದು ನಾನು ಹೇಳುತ್ತಿಲ್ಲ, ಸಂಸತ್ತು ಹೇಳಿದೆ. ಅರಣ್ಯ ಹಕ್ಕುಗಳ ಕಾಯಿದೆ 2006ರ ಡಿಸೆಂಬರಿನಲ್ಲಿ ಅಂಗೀಕಾರವಾಯಿತು. 2008ರ ಆರಂಭದಲ್ಲಿ ಅದರ ನಿಯಮಗಳು ಬಂದವು. ಅರಣ್ಯವಾಸಿಗಳಿಗೆ ಐತಿಹಾಸಿಕ ಅನ್ಯಾಯವಾಗಿದೆಯೆಂದು ಆ ಕಾಯಿದೆಯ ಪೀಠಿಕೆಯೇ ಒಪ್ಪಿಕೊಂಡಿತು. ಸರ್ಕಾರವೊಂದು ತನ್ನ ಕಾಯಿದೆಯ ಬಾಗಿಲಿನಲ್ಲಿಯೇ ನಿಂತು ತಪ್ಪಾಯಿತೆಂದು ಒಪ್ಪುವುದು ಅಪರೂಪದ ಮಾತು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ನೆಲೆಸಿದ ಪರಿಶಿಷ್ಟ ಪಂಗಡದವರ ಹಕ್ಕುಗಳನ್ನು ಅದು ಮಾನ್ಯ ಮಾಡುತ್ತದೆ. ಹಕ್ಕು ಕೇಳುವ ಅರ್ಜಿಗಳನ್ನು ಮೊದಲು ಪರಿಶೀಲಿಸಬೇಕಾದದ್ದು ಗ್ರಾಮಸಭೆ. ಈ ಪರಿಶೀಲನೆ ಪೂರ್ಣಗೊಳ್ಳುವವರೆಗೆ ಯಾವ ಅರಣ್ಯವಾಸಿಯನ್ನೂ ಎಬ್ಬಿಸಕೂಡದೆಂದು ನಾಲ್ಕನೆಯ ಪ್ರಕರಣದ ಐದನೆಯ ಉಪಪ್ರಕರಣ ಸ್ಪಷ್ಟವಾಗಿ ಸಾರುತ್ತದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೂ ಈ ಕಾಯಿದೆ ಅನ್ವಯಿಸುತ್ತದೆ. ಹೀಗಿರುವಾಗ ಅರ್ಜಿ ಕೈಯಲ್ಲಿ ಹಿಡಿದು ನಿಂತವನನ್ನು ಅತಿಕ್ರಮಣದಾರನೆನ್ನುವುದು, ದಾವೆಯ ತೀರ್ಪಿಗೆ ಮೊದಲೇ ಶಿಕ್ಷೆ ವಿಧಿಸಿದಂತೆ.

ಇನ್ನು ಸಾಕ್ಷ್ಯದ ಪ್ರಶ್ನೆ. “ಅಲ್ಲಿ ಊರಿತ್ತೆಂಬುದಕ್ಕೆ ದಾಖಲೆ ಎಲ್ಲಿದೆ? ಉಪಗ್ರಹದ ಚಿತ್ರದಲ್ಲಿ ಮನೆಯೇ ಕಾಣುವುದಿಲ್ಲವಲ್ಲ!” ಎಂದು ಕೇಳುವವರಿದ್ದಾರೆ. ಬಿದಿರು ತಡಿಕೆಯ ಗೋಡೆ, ಹುಲ್ಲಿನ ಮಾಡು, ಮೇಲೆ ಮರಗಳ ಚಪ್ಪರ. ಇಂಥ ಮನೆ ಆಕಾಶದಿಂದ ಕಂಡರೇ ಆಶ್ಚರ್ಯ. ಕಾಡನ್ನು ಕಡಿದು ಬಯಲು ಮಾಡಿದ್ದರೆ ಅದೇ ಮನೆ ಚಿತ್ರದಲ್ಲಿ ಚೆನ್ನಾಗಿ ಮೂಡುತ್ತಿತ್ತು, ಹಕ್ಕೂ ಸಿಗುತ್ತಿತ್ತು! ಮರ ಉಳಿಸಿದ್ದೇ ಅವರ ವಿರುದ್ಧ ಸಾಕ್ಷ್ಯವಾಯಿತಲ್ಲವೆ? ಉಪಗ್ರಹದ ಚಿತ್ರವು ಇತರ ಸಾಕ್ಷ್ಯಗಳಿಗೆ ಪೂರಕವಾಗಬಹುದು, ಅವುಗಳ ಸ್ಥಾನವನ್ನು ತಾನೇ ಆಕ್ರಮಿಸತಕ್ಕದ್ದಲ್ಲ ಎಂದು 2012ರಲ್ಲಿ ತಿದ್ದುಪಡಿಯಾದ ನಿಯಮಗಳೇ ಹೇಳಿವೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದು ಸಾಕ್ಷ್ಯ. ಹಳೆಯ ಬಾವಿ, ಗೋರಿ, ದೇವರ ನೆಲೆ ಇವೂ ಸಾಕ್ಷ್ಯವೆಂದು ಅದೇ ನಿಯಮಗಳಲ್ಲಿದೆ.

ಬಾಯಿಮಾತನ್ನು ಸಾಕ್ಷ್ಯವೆಂದರೆ ವಿದ್ಯಾವಂತರಿಗೆ ನಗೆ ಬರುತ್ತದೆ. ಕನ್ನಡದವರು ನಗಬಾರದು. ನಮ್ಮ ಯಡ್ರಾಮಿ ತಾಲ್ಲೂಕಿನಲ್ಲಿಯೇ ಕಡಕೋಳವಿದೆ. ಅಲ್ಲಿನ ಮಡಿವಾಳಪ್ಪನವರ ತತ್ವಪದಗಳು ಅಚ್ಚಿನ ಮುಖ ಕಾಣುವುದಕ್ಕೆ ಬಹಳ ಮೊದಲು ಏಕತಾರಿ ಹಿಡಿದ ಭಜನೆಯವರ ಬಾಯಲ್ಲಿ ಉಳಿದು ಬಂದವು. ಅಕ್ಷರ ಬಾರದವರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ನಾನು ಅವುಗಳನ್ನು ತರಗತಿಯಲ್ಲಿ ಪಾಠ ಮಾಡಿ ಸಂಬಳ ಎಣಿಸುತ್ತೇನೆ. ಆ ಬಾಯಿಗಳನ್ನು ನಂಬಿದ ವಿಶ್ವವಿದ್ಯಾನಿಲಯ ಕೆಟ್ಟಿಲ್ಲ. ಹಾಡಿಯ ಮುದುಕನೊಬ್ಬ, ಇದು ನಮ್ಮಜ್ಜ ಜೇನು ಇಳಿಸಿದ ಮರ, ಇದು ನಮ್ಮವ್ವನನ್ನು ಹೂಳಿದ ಜಾಗ ಎಂದರೆ ಮಾತ್ರ ನಂಬಬಾರದೆ? ಕರಡಿಕಲ್ಲು ಎಂಬ ಹೆಸರು ಯಾವ ಕಚೇರಿಯಲ್ಲಿ ಹುಟ್ಟಿತು? ಅತ್ತೂರು ಎಂಬ ಹೆಸರಿನಲ್ಲಿ ‘ಊರು’ ಎಲ್ಲಿಂದ ಬಂದಿತು? ಹೆಸರೊಂದೇ ರುಜುವಾತಾಗಲಾರದು, ಬಲ್ಲೆ. ಆದರೆ ಜನರಿಲ್ಲದ ಕಡೆ ಹೆಸರು ಹುಟ್ಟುವುದಿಲ್ಲ.

ಇಲ್ಲಿ ನನ್ನ ಮಿತ್ರರಂಥವರು ಇನ್ನೊಂದು ಶಬ್ದವನ್ನು ಮುಂದಿಡುತ್ತಾರೆ: ಸ್ವಯಂಪ್ರೇರಿತ ಸ್ಥಳಾಂತರ. ಯಾರನ್ನೂ ಬಲವಂತದಿಂದ ಕಳಿಸುತ್ತಿಲ್ಲ, ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಪರಿಹಾರವಿದೆ, ಒಪ್ಪಿದವರೇ ಹೋಗುತ್ತಿದ್ದಾರೆ ಎಂಬುದು ಈ ವಾದ. ಪರಿಹಾರ ಮೊದಲು 10 ಲಕ್ಷವಿತ್ತು, 2021ರಲ್ಲಿ 15 ಲಕ್ಷವಾಯಿತು, ನಿಜ. ಹೋದವರಲ್ಲಿ ಮನಸಾರೆ ಹೋದವರೂ ಇದ್ದಾರೆ. ಮಕ್ಕಳ ಶಾಲೆ, ಹೆರಿಗೆಗೆ ಆಸ್ಪತ್ರೆ, ಮಳೆಗಾಲದಲ್ಲಿ ಬಸ್ಸು ಬರುವ ರಸ್ತೆ ಇವನ್ನು ಬಯಸುವುದು ತಪ್ಪೆಂದು ಕಾಡಿನ ಸೌಂದರ್ಯದ ಹೆಸರಿನಲ್ಲಿ ಉಪದೇಶ ಮಾಡುವ ಅಧಿಕಾರ ನನಗಿಲ್ಲ. 1999ರಿಂದ ಹುಣಸೂರಿನ ಬಳಿ ನಾಗಾಪುರದಲ್ಲಿ ಮನೆ, ಹೊಲ ಪಡೆದು ನೆಲೆಸಿದವರೆಲ್ಲ ಹಾಳಾದರೆಂದೂ ನಾನು ಹೇಳಲಾರೆ.

ಆದರೆ ಒಪ್ಪಿಗೆ ಹೇಗೆ ಹುಟ್ಟುತ್ತದೆಂಬುದನ್ನು ನೋಡಬೇಕು. ಹಾಡಿಗೆ ವಿದ್ಯುತ್ತು ಕೊಡಬಾರದು, ಅದು ಕಾಡು. ರಸ್ತೆ ಮಾಡಬಾರದು, ಅದು ಕಾಡು. ಮನೆಯ ಮಾಡಿಗೆ ಹೆಂಚು ಹಾಕಲು ಅಪ್ಪಣೆ ಬೇಕು, ಕಾಡುತ್ಪನ್ನ ತರಲು ಅಪ್ಪಣೆ ಬೇಕು. ಹೀಗೆ ಮೂವತ್ತು ವರ್ಷ ಕಳೆದ ಮೇಲೆ ಒಬ್ಬ ಅಧಿಕಾರಿ ಬಂದು, “ಹೊರಗೆ ಬನ್ನಿ, ಎಲ್ಲವೂ ಇದೆ, ಒಳಗೇ ಇರುತ್ತೀರಾದರೆ ನಿಮ್ಮಿಷ್ಟ” ಎನ್ನುತ್ತಾನೆ. ಊಟ ಕೊಡದೆ ಕೂಡಿಹಾಕಿ, ಬಾಗಿಲು ತೆರೆದು, “ಅವನೇ ಹೊರಗೆ ನಡೆದ” ಎಂದು ಹೇಳುವುದು ಯಾವ ನ್ಯಾಯ? ಕಾಯಿದೆಯೂ ಈ ಮೋಸವನ್ನು ಊಹಿಸಿತ್ತು. ಮೊದಲು ಹಕ್ಕು ಇತ್ಯರ್ಥವಾಗಬೇಕು. ಮನುಷ್ಯರೂ ಪ್ರಾಣಿಗಳೂ ಕೂಡಿ ಬಾಳುವುದು ಸಾಧ್ಯವೇ ಇಲ್ಲವೆಂದು ತೀರ್ಮಾನವಾಗಬೇಕು. ಗ್ರಾಮಸಭೆ ಎಲ್ಲ ವಿವರ ತಿಳಿದು ಬರವಣಿಗೆಯಲ್ಲಿ ಒಪ್ಪಬೇಕು. ಇವೆಲ್ಲ ಆದ ಮೇಲೆ ಸ್ಥಳಾಂತರದ ಮಾತು. ಹಕ್ಕುಪತ್ರ ಕೈಯಲ್ಲಿರುವವನ ಒಪ್ಪಿಗೆಗೂ ಬರಿಗೈಯವನ ಒಪ್ಪಿಗೆಗೂ ಅಜಗಜಾಂತರ. ಈ ವ್ಯತ್ಯಾಸ ಬರಿಯ ವಾದದ್ದಲ್ಲ. 2024ರ ಜೂನಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ರಾಜ್ಯಗಳಿಗೆ ಪತ್ರ ಬರೆದು, ಹುಲಿ ನೆಲೆಗಳ ಒಳಭಾಗದಲ್ಲಿ ಇನ್ನೂ 591 ಹಳ್ಳಿಗಳೂ 64,801 ಕುಟುಂಬಗಳೂ ಇವೆಯೆಂದು ತಿಳಿಸಿ, ಸ್ಥಳಾಂತರಕ್ಕೆ ಆದ್ಯತೆ ಕೊಡಲು ಹೇಳಿತು. ನಾಗರಹೊಳೆಯಲ್ಲಿ ನಡೆದದ್ದು ಸರಿಯೋ ತಪ್ಪೋ ಎಂಬುದು ಈ ಅರವತ್ತೈದು ಸಾವಿರ ಒಲೆಗಳ ಪ್ರಶ್ನೆಯೂ ಹೌದು.

“ಹಾಗಾದರೆ ಹುಲಿ ಸಾಯಲಿ ಎನ್ನುತ್ತೀರೋ?” ಎಂದು ಕೇಳಬಹುದು. ಹುಲಿ ಬಾಳಲಿ. 2006ರ ಎಣಿಕೆಯಲ್ಲಿ ದೇಶದಲ್ಲೆಲ್ಲ 1,411 ಹುಲಿಗಳಿದ್ದವೆಂದು ಅಂದಾಜು ಮಾಡಿದರು; 2022ರಲ್ಲಿ 3,682. ಕರ್ನಾಟಕದಲ್ಲಿಯೇ 563. ಇದು ಸಂತೋಷದ ಸುದ್ದಿ. ಆದರೆ ಈ ಹುಲಿಗಳನ್ನು ಕಾದವರು ಯಾರೆಂದು ಯಾರೂ ಕೇಳುವುದಿಲ್ಲ. ಹೆಜ್ಜೆಗುರುತು ಹಿಡಿದು ಮುಂದೆ ನಡೆಯುವ ದಿನಗೂಲಿಯ ಕಾವಲುಗಾರರಲ್ಲಿ ಎಷ್ಟೋ ಮಂದಿ ಹಾಡಿಯ ಹುಡುಗರು. ಕಾಕನಕೋಟೆಯ ಖೆಡ್ಡಾದಲ್ಲಿ ಆನೆಯ ಜಾಡು ತೋರಿಸಿದವರು ಕುರುಬರು. ದಸರೆಯ ಜಂಬೂಸವಾರಿಯಲ್ಲಿ ಅಂಬಾರಿಯ ಆನೆಯನ್ನು ನೋಡಿ ನಾವು ಕೈಮುಗಿಯುತ್ತೇವೆ. ಆ ಆನೆಗಳ ಶಿಬಿರಗಳಲ್ಲಿ ಮಾವುತರೂ ಕಾವಾಡಿಗಳೂ ಆದವರಲ್ಲಿ ಹೆಚ್ಚಿನವರು ಜೇನುಕುರುಬರೆಂಬುದು ಎಷ್ಟು ಜನಕ್ಕೆ ಗೊತ್ತು? ಹಬ್ಬದಲ್ಲಿ ಆನೆಯ ಕುತ್ತಿಗೆಯ ಮೇಲೆ ಕುಳಿತು ನಾಡಿನ ಗೌರವವನ್ನು ಹೊತ್ತು ತಂದವನು ಹಬ್ಬ ಮುಗಿದ ಮೇಲೆ ತನ್ನ ಕಾಡಿನಲ್ಲಿ ಅತಿಕ್ರಮಣದಾರ!

ಕಾಡಿನಂಚಿನ ಜನ ತಪ್ಪೇ ಮಾಡುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. 2025ರ ಜೂನಿನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ವಿಷವಿಕ್ಕಿದ ದನದ ಮಾಂಸ ತಿಂದು ಒಂದು ತಾಯಿಹುಲಿ, ನಾಲ್ಕು ಮರಿಗಳು ಸತ್ತವು. ಓದಿ ನನಗೂ ಊಟ ಸೇರಲಿಲ್ಲ. ಅಪರಾಧ ಮಾಡಿದವರನ್ನು ಕಾನೂನು ಶಿಕ್ಷಿಸಲಿ. ಒಬ್ಬ ಬ್ಯಾಂಕು ಲೂಟಿ ಮಾಡಿದರೆ ಊರಿನವರನ್ನೆಲ್ಲ ಗಡೀಪಾರು ಮಾಡುವುದುಂಟೆ? ಅರಣ್ಯ ಹಕ್ಕಿನ ಹೆಸರಿನಲ್ಲಿ ಕಾಡು ಕಡಿದು ತೋಟ ವಿಸ್ತರಿಸುವ ಉಳ್ಳವರೂ ಇದ್ದಾರೆ. ಅವರಿಗೆ ಅತಿಕ್ರಮಣವೆಂಬ ಶಬ್ದ ಸರಿಯಾಗಿ ಸಲ್ಲುತ್ತದೆ, ಅವರನ್ನು ಬಿಡಬೇಡಿ. ಶಬ್ದವನ್ನು ಎಲ್ಲರ ಮೇಲೂ ಎಸೆದರೆ ನಿಜವಾದ ಅಪರಾಧಿ ಗುಂಪಿನಲ್ಲಿ ಮರೆಯಾಗುತ್ತಾನೆಂಬುದಕ್ಕೇ ನನ್ನ ಆಕ್ಷೇಪಣೆ.

ಕೂಡಿ ಬಾಳುವುದು ಸಾಧ್ಯವೆಂಬುದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಾಕ್ಷಾತ್ ರಂಗನಾಥನನ್ನೇ ‘ಭಾವ’ ಎನ್ನುವವರು. ತಮ್ಮ ಕುಲದ ಕುಸುಮಾಲೆಯನ್ನು ಆತ ಮದುವೆಯಾದನೆಂದು ಅವರ ಕಥೆ. 1974ರಲ್ಲಿ ಆ ಬೆಟ್ಟ ವನ್ಯಧಾಮವಾದ ಮೇಲೆ ಅವರೂ ಕಾಡಿನಂಚಿಗೆ ಸರಿಯಬೇಕಾಯಿತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಆದರೆ ಅದೇ ವರ್ಷ ಅಲ್ಲಿನ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಸಿಕ್ಕಿದ್ದು ಈ ದೇಶದಲ್ಲಿಯೇ ಮೊದಲು. ಬೆಟ್ಟ ಉರಿದುಹೋಗಲಿಲ್ಲ, ಹುಲಿ ಓಡಿಹೋಗಲಿಲ್ಲ. ಬೇಸಿಗೆಗೆ ಮುಂಚೆ ತರಗಿಗೆ ಸಣ್ಣ ಬೆಂಕಿ ಕೊಡುವ ಸೋಲಿಗರ ಪದ್ಧತಿಯನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿ ಹುಲ್ಲು ಕುಗ್ಗಿತೆಂದು ಅವರು ಬಹುಕಾಲದಿಂದ ಹೇಳುತ್ತಿದ್ದರು. ವಿಜ್ಞಾನಿಗಳು ನಿಧಾನವಾಗಿ ಆ ಮಾತಿಗೆ ಕಿವಿಗೊಟ್ಟರು. 2022ರಲ್ಲಿ ಆ ಬೆಟ್ಟದಲ್ಲಿ ಹೊಸದಾಗಿ ಕಂಡ ಕಣಜದ ಜಾತಿಗೆ ಸೋಲಿಗರ ಹೆಸರನ್ನೇ ಇಟ್ಟು ಗೌರವಿಸಿದರು. ಕಣಜಕ್ಕೆ ಅವರ ಹೆಸರು ಕೊಟ್ಟವರು ಕಾಡಿನಲ್ಲಿ ಅವರಿಗೆ ಜಾಗ ಕೊಡಲೂ ಮನಸ್ಸು ಮಾಡಬಹುದು.

ಮನುಷ್ಯರಿಲ್ಲದ ಕಾಡೇ ನಿಜವಾದ ಕಾಡೆಂಬ ಕಲ್ಪನೆ ನಮ್ಮ ನೆಲದ್ದಲ್ಲ. ಅಮೆರಿಕದಲ್ಲಿ 1872ರಲ್ಲಿ ಯೆಲ್ಲೋಸ್ಟೋನ್ ಉದ್ಯಾನವನ್ನು ಸ್ಥಾಪಿಸಿ, ಅಲ್ಲಿ ತಲೆತಲಾಂತರದಿಂದ ಬೇಟೆಯಾಡಿ ಬಾಳಿದ ಮೂಲನಿವಾಸಿಗಳನ್ನು ಹೊರಗಿಟ್ಟು, ಪ್ರವಾಸಿಗಳಿಗೆ ಬಾಗಿಲು ತೆರೆದರು. ಆ ಮಾದರಿ ಲೋಕವನ್ನೆಲ್ಲ ಸುತ್ತಿ ನಮ್ಮಲ್ಲಿಗೂ ಬಂದಿತು. ತಮಾಷೆಯೆಂದರೆ, ಈ ಮಾದರಿಯಲ್ಲಿ ಕಾಡಿನಿಂದ ಹೋಗಬೇಕಾದ ‘ಮನುಷ್ಯರು’ ಬಡವರು ಮಾತ್ರ. ತೊಂಬತ್ತರ ದಶಕದಲ್ಲಿ ನಾಗರಹೊಳೆಯ ಉದ್ಯಾನದೊಳಗೆ ದೊಡ್ಡ ಹೋಟೆಲು ಕಂಪನಿಯೊಂದಕ್ಕೆ ವಿಹಾರಧಾಮ ನಡೆಸಲು ಜಾಗ ಗುತ್ತಿಗೆಗೆ ಸಿಕ್ಕಿತ್ತು. ಗುಡಿಸಲು ಕಾಡಿಗೆ ಭಾರ, ಹೋಟೆಲು ಹಗುರ! ಇದನ್ನು ಎದುರಿಸಿ ನ್ಯಾಯಾಲಯದ ಮೆಟ್ಟಿಲೇರಿದವರು ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯವರು. 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ನಾವು ಅತಿಕ್ರಮಣದಾರರೆನ್ನುವ ಜನವೇ ಅಂದು ಉದ್ಯಾನವನ್ನು ಅತಿಕ್ರಮಣದಿಂದ ಉಳಿಸಿದರು. ಒಡಿಶಾದ ನಿಯಮಗಿರಿಯಲ್ಲಿಯೂ ಹೀಗೆಯೇ ಆಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2013ರಲ್ಲಿ 12 ಗ್ರಾಮಸಭೆಗಳು ಕೂಡಿದವು. ಹನ್ನೆರಡೂ ಬಾಕ್ಸೈಟ್ ಗಣಿ ಬೇಡವೆಂದವು. ಬೆಟ್ಟ ಉಳಿಯಿತು. ಅದನ್ನು ಉಳಿಸಿದವರು ಡೋಂಗ್ರಿಯಾ ಕೊಂಧರು. ಉಳಿಸಿದ ಆಯುಧ ಇದೇ ಅರಣ್ಯ ಹಕ್ಕುಗಳ ಕಾಯಿದೆ. ಆ ಕಾಯಿದೆಯನ್ನು ಕಾಡಿನ ಶತ್ರುವೆನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ದೂರದ ಮಾತು ಸಾಕು. ಮನೆಯ ಬಾಗಿಲಿಗೆ ಬರೋಣ. ನಮ್ಮ ಸೀಮೆಗೆ ನಾರಾಯಣಪುರದ ನೀರು ಜೇವರ್ಗಿ ಶಾಖಾ ಕಾಲುವೆಯಲ್ಲಿ ಬಂದಿತು. ಆ ನೀರಿಗಾಗಿ ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಮುಳುಗಿದವು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯನ್ನೂ ಬಿಡಲಿಲ್ಲ. ಅವರಿಗೆ ನಾವು ‘ಮುಳುಗಡೆ ಸಂತ್ರಸ್ತರು’ ಎಂಬ ಹೆಸರು ಕೊಟ್ಟಿದ್ದೇವೆ. ಸಂತ್ರಸ್ತನೆಂದರೆ ನೊಂದವನು, ಆ ಹೆಸರಿನಲ್ಲಿಯೇ ನಮ್ಮ ಋಣದ ಒಪ್ಪಿಗೆಯಿದೆ. ಅವರಿಗೆ ದೊರೆತದ್ದು ಸಾಲದೆಂಬ ಕೂಗೂ ನ್ಯಾಯವಾದದ್ದೇ. ಆದರೆ 1974ರಲ್ಲಿ ಕಬಿನಿ ಜಲಾಶಯವಾದಾಗ ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ಪಟ್ಟಾ ಇಲ್ಲದ ಹಾಡಿಯವರು ಪರಿಹಾರವನ್ನು ಯಾವ ಕಾಗದ ತೋರಿಸಿ ಕೇಳಬೇಕಾಗಿತ್ತು? ಅಣೆಕಟ್ಟಿಗಾಗಿ ಹೊಲ ಬಿಟ್ಟವನು ಸಂತ್ರಸ್ತ, ಹುಲಿಗಾಗಿ ಹಾಡಿ ಬಿಟ್ಟವನು ಅತಿಕ್ರಮಣದಾರ. ಇಬ್ಬರ ನಡುವಿನ ಅಂತರ ಪಹಣಿಯ ಒಂದು ಹಾಳೆ.

ನಮ್ಮ ಜಿಲ್ಲೆಯಲ್ಲಿಯೂ ಒಂದು ಕಾಡುಂಟು. ತೆಲಂಗಾಣದ ಗಡಿಯಲ್ಲಿರುವ ಚಿಂಚೋಳಿಯ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು. ಅದರ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು, ಪಂಗಡದವರಲ್ಲ. ಆದುದರಿಂದ ಅರಣ್ಯ ಹಕ್ಕು ಬೇಕಾದರೆ ಅವರು 2005ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿಯೇ ನೆಲೆಸಿದ್ದರೆಂದು ತೋರಿಸಬೇಕು. ಲೆಕ್ಕ ಹಾಕಿ ನೋಡಿ: 1930. ಆಗ ನಮ್ಮ ಕಲಬುರಗಿ ನಿಜಾಮನ ಸಂಸ್ಥಾನದಲ್ಲಿತ್ತು. ಸರ್ಕಾರದ ಕಾಗದವೆಲ್ಲ ಉರ್ದುವಿನಲ್ಲಿ. ಎತ್ತುಗಳ ಮೇಲೆ ಸಾಮಾನು ಹೇರಿಕೊಂಡು ತಿರುಗಿದ ಜನದ ವಂಶಸ್ಥನೊಬ್ಬ 1930ರ ಉರ್ದು ಕಾಗದವನ್ನು ಎಲ್ಲಿಂದ ತಂದಾನು? ನಮ್ಮ ನಿಮ್ಮ ಮನೆಗಳಲ್ಲಿ ಅಜ್ಜನ ಜನ್ಮದಿನದ ದಾಖಲೆಯಾದರೂ ಇದೆಯೆ? ನಾಗರಹೊಳೆಯಲ್ಲಿ ನಾವು ಮಾನ್ಯ ಮಾಡಿದ ಶಬ್ದ ನಾಳೆ ಚಿಂಚೋಳಿಯ ತಾಂಡಾದ ಬಾಗಿಲು ತಟ್ಟುತ್ತದೆ. ಅದಕ್ಕಾಗಿಯೇ ಕಾಡಿಲ್ಲದ ಯಡ್ರಾಮಿಯವನೊಬ್ಬ ಕಾಡಿನ ವಿಷಯದಲ್ಲಿ ಬಾಯಿ ಹಾಕಿದ್ದು.

ಇನ್ನೊಂದು ಮಾತು, ನನ್ನ ವೃತ್ತಿಗೆ ಸೇರಿದ್ದು. ಹರಿಹರನ ಕಣ್ಣಪ್ಪನನ್ನು ಪಾಠ ಮಾಡುವಾಗ ತರಗತಿ ಮೌನವಾಗುತ್ತದೆ. ಕಾಡಿನ ಬೇಡನೊಬ್ಬ ತನ್ನ ಕಣ್ಣನ್ನೇ ಕಿತ್ತು ಶಿವನಿಗೆ ಕೊಟ್ಟ ಕಥೆಗೆ ಈಗಲೂ ಆ ಶಕ್ತಿಯಿದೆ. 1954ರಲ್ಲಿ ಅದೇ ಬೇಡನ ಕಥೆ ಸಿನಿಮಾ ಆದಾಗ ನಾಡೇ ಮುಗಿಬಿದ್ದು ನೋಡಿತು. ಮಲೆ ಮಾದೇಶ್ವರನ ಕಾವ್ಯದ ಸಂಕಮ್ಮನನ್ನು ನಾವು ಜಾನಪದದ ಮಹಾಪಾತ್ರವೆಂದು ಹೊಗಳುತ್ತೇವೆ. ಆಕೆ ಸೋಲಿಗರ ಹೆಣ್ಣು. ಪುಸ್ತಕದಲ್ಲಿದ್ದರೆ ಶರಣ, ತೆರೆಯ ಮೇಲಿದ್ದರೆ ನಾಯಕ, ಹಾಡಿನಲ್ಲಿದ್ದರೆ ಮಹಾಸತಿ. ಅದೇ ಮನುಷ್ಯ ಎದುರಿಗೆ ಬಂದು ನನ್ನ ಅಜ್ಜಿಯ ಗೋರಿ ಇಲ್ಲಿದೆಯೆಂದರೆ ದಾಖಲೆ ಕೇಳುತ್ತೇವೆ. ಇಂಥ ಸಾಹಿತ್ಯಪ್ರೇಮದಿಂದ ಯಾರಿಗೆ ಏನು ಪ್ರಯೋಜನ?

ಹಾಗಾದರೆ ಆಗಬೇಕಾದದ್ದೇನು? ಹೊಸ ಕಾಯಿದೆ ಬೇಕಿಲ್ಲ. ಇರುವ ಕಾಯಿದೆಯನ್ನು ಸರ್ಕಾರ ಪಾಲಿಸಿದರೆ ಸಾಕು. ಹಾಡಿಯ ಗ್ರಾಮಸಭೆ ಕೊಟ್ಟ ನಿರ್ಣಯವನ್ನು ಮೇಲಿನ ಸಮಿತಿ ತಳ್ಳಿಹಾಕುವುದಾದರೆ ಕಾರಣವನ್ನು ಬರೆದು, ಅರ್ಜಿದಾರನಿಗೆ ತಿಳಿಯುವ ಕನ್ನಡದಲ್ಲಿ ಕೊಡಲಿ, ಮೇಲ್ಮನವಿಗೆ ಅವಕಾಶವಿರಲಿ. 2019ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಅರ್ಜಿ ತಿರಸ್ಕೃತರಾದವರನ್ನು ತೆರವು ಮಾಡಬೇಕೆಂದು ಮೊದಲು ಆದೇಶಿಸಿ, ಹದಿನೈದೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಕಾನೂನಿನಂತೆ ವಿಚಾರಿಸದೆಯೇ ಅರ್ಜಿಗಳನ್ನು ತಳ್ಳಿಹಾಕಿದ್ದಾರೆಯೆ ಎಂಬ ಶಂಕೆ ಆ ನ್ಯಾಯಾಲಯಕ್ಕೇ ಬಂದ ಮೇಲೆ ನಾವು ಇಷ್ಟು ನಿಶ್ಚಿಂತರಾಗಿರುವುದು ಹೇಗೆ? ಹಕ್ಕು ತೀರ್ಮಾನವಾಗುವವರೆಗೆ ಎಬ್ಬಿಸುವ ಮಾತು ನಿಲ್ಲಲಿ. ಇರುತ್ತೇವೆಂದವರಿಗೆ ಇದ್ದಲ್ಲಿಯೇ ಶಾಲೆ, ಔಷಧಿ, ದೀಪ ಸಿಗಲಿ. ಆಮೇಲೆ ಹೋಗುತ್ತೇವೆಂದವರು ತಲೆಯೆತ್ತಿಕೊಂಡು ಹೋಗಲಿ.

ಸರ್ಕಾರ ಮಾಡುವುದು ಸರ್ಕಾರಕ್ಕೆ. ನಮ್ಮ ಕೈಯಲ್ಲಿರುವುದು ಒಂದು ಶಬ್ದ. ಮುಂದಿನ ವಾರ ಅದೇ ಚಹಾದಂಗಡಿಯಲ್ಲಿ ಮಿತ್ರರಿಗೆ ಇದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅವ್ರಿಗಿ ಏನನ್ಬೇಕ್ರಿ ಸರ?” ಎಂದು ಕೇಳಿದರು. ಅಲ್ಲಿಯವರು ಎನ್ನಿರಿ, ಸಾಕು ಎಂದೆ.